ರಜೆಯಲ್ಲಿ ಮನೆಮಂದಿಯೆಲ್ಲ ವಿಡಿಯೊ ಆರ್ಕೇಡ್‌ಗೆ: ಹಣ, ಸಮಯ, ಆಟ ಮೂರನ್ನೂ ಹೊಂದಿಸಿಕೊಳ್ಳುವ ಬಗೆ

ಪ್ರವಾಸದ ನಡುವೆ ಮಳೆ ಹಿಡಿದುಕೊಂಡು ಹೊರಗೆ ಕಾಲಿಡಲಾಗದ ದಿನ, ಬಿಸಿಲಿಗೆ ಎಲ್ಲರೂ ಸೋತು ಕೂತ ಮಧ್ಯಾಹ್ನ, ರೈಲಿಗೆ ಇನ್ನೂ ಮೂರು ಗಂಟೆ ಬಾಕಿ ಇರುವ ಸಂಜೆ, ಇಂಥ ಹೊತ್ತಿನಲ್ಲಿ ಒಳಾಂಗಣ ವಿಡಿಯೊ ಆರ್ಕೇಡ್, ಅಂದರೆ ಹಣ ಕೊಟ್ಟು ಆಡುವ ಆಟದ ಯಂತ್ರಗಳ ಜಾಗ, ದೊಡ್ಡ ಆಸರೆ. ಆದರೆ ಏನೂ ಯೋಚಿಸದೆ ಒಳಗೆ ಹೊಕ್ಕರೆ ಅರ್ಧ ಗಂಟೆಯಲ್ಲಿ ಕಾರ್ಡ್ ಖಾಲಿ, ಚಿಕ್ಕವರ ಕಣ್ಣಲ್ಲಿ ನೀರು, ದೊಡ್ಡವರಿಗೆ ತಲೆನೋವು. ಎಷ್ಟು ಖರ್ಚು ಮಾಡಿದಿರಿ ಎನ್ನುವುದಕ್ಕಿಂತ ಯಾವ ಆಟವನ್ನು ಯಾರ ಜೊತೆ ಆಡಿದಿರಿ ಎನ್ನುವುದು ಇಲ್ಲಿ ಮುಖ್ಯ. ಬಹುಮಾನದ ಟಿಕೆಟ್ ಉದುರಿಸುವ ಯಂತ್ರಗಳ ಹಿಂದೆ ಓಡುವ ಬದಲು, ಇಬ್ಬರು ಮೂವರು ಸೇರಿ ಆಡುವ ಆಟಗಳನ್ನು ಹುಡುಕಿಕೊಂಡರೆ ಅದೇ ಹಣದಲ್ಲಿ ಮನೆಮಂದಿಯೆಲ್ಲ ನಗುತ್ತ ಹೊರಬರಬಹುದು. ಅದಕ್ಕೆ ಏನೇನು ಮಾಡಬೇಕು ಎನ್ನುವುದು ಮುಂದಿದೆ.

ಹಂತ 1: ಅದು ಯಾವ ಬಗೆಯ ಆರ್ಕೇಡ್ ಎಂದು ತಿಳಿದುಕೊಳ್ಳಿ

ಹೊರಗಿನಿಂದ ಎಲ್ಲ ಆರ್ಕೇಡ್‌ಗಳೂ ಒಂದೇ ಥರ ಕಾಣುತ್ತವೆ: ಕತ್ತಲೆ, ಬಣ್ಣದ ದೀಪ, ಗದ್ದಲ. ಒಳಗಿನ ಲೆಕ್ಕಾಚಾರ ಮಾತ್ರ ಬೇರೆ ಬೇರೆ.

ಒಂದು, ಪ್ರತಿ ಆಟಕ್ಕೂ ಹಣ ಕೊಡುವ ಜಾಗ. ಟೋಕನ್ ಹಾಕಬೇಕು ಇಲ್ಲವೇ ರೀಚಾರ್ಜ್ ಮಾಡಿದ ಕಾರ್ಡ್ ಉಜ್ಜಬೇಕು. ಎರಡು, ಬಾಗಿಲಲ್ಲಿ ಒಮ್ಮೆ ಹಣ ಕೊಟ್ಟರೆ ಒಳಗೆ ಎಷ್ಟು ಬೇಕಾದರೂ ಆಡಬಹುದಾದ ಜಾಗ. ಅಮೆರಿಕದ ಇಲಿನಾಯ್‌ನ ಬ್ರೂಕ್‌ಫೀಲ್ಡ್‌ನಲ್ಲಿ 2010ರಲ್ಲಿ ಶುರುವಾದ ಗ್ಯಾಲಪಿಂಗ್ ಘೋಸ್ಟ್ ಈ ಪದ್ಧತಿಗೆ ಹೆಸರಾಗಿದೆ. ಮೂರು, ಟಿಕೆಟ್ ಗೆದ್ದು ಬಹುಮಾನ ಪಡೆಯುವ ಜಾಗ. ವಿಡಿಯೊ ಆಟಗಳ ಅಟಾರಿ ಕಂಪನಿಯ ನೋಲನ್ ಬುಶ್ನೆಲ್ 1977ರಲ್ಲಿ ಚಕ್ ಇ. ಚೀಸ್ ಹೋಟೆಲನ್ನು ಶುರುಮಾಡಿದ ಮೇಲೆ, ಊಟದ ಜೊತೆ ಆರ್ಕೇಡ್ ಆಟ ಎಂಬ ಕುಟುಂಬದ ವ್ಯವಸ್ಥೆ ಎಲ್ಲೆಡೆ ಹಬ್ಬಿತು. ಇನ್ನು ಕೆಲವು ಆರ್ಕೇಡ್‌ಗಳು ಅರ್ಧ ಮ್ಯೂಸಿಯಂ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಫನ್‌ಸ್ಪಾಟ್ 1952ರಿಂದ ನಡೆಯುತ್ತಿದೆ, ಅದರೊಳಗೇ ಹಳೆಯ ಆಟಗಳ ಸಂಗ್ರಹಾಲಯವಿದೆ, ಅಲ್ಲಿನ ಯಂತ್ರಗಳನ್ನು ಆಡಲೂಬಹುದು.

ಮಕ್ಕಳು ಎಂಟು ವರ್ಷಕ್ಕಿಂತ ಚಿಕ್ಕವರಾದರೆ ನನ್ನ ಮತ ಎರಡನೆಯ ಬಗೆಗೆ. ಆ ವಯಸ್ಸಿನವರು ಒಂದು ಯಂತ್ರದ ಮುಂದೆ ಅರ್ಧ ನಿಮಿಷ ನಿಂತು ಇನ್ನೊಂದಕ್ಕೆ ಓಡುತ್ತಾರೆ. ಪ್ರತಿ ಓಟಕ್ಕೂ ಹಣ ಕಟ್ ಆಗುತ್ತಿದ್ದರೆ ಅಪ್ಪ ಅಮ್ಮನಿಗೆ ಗದರುವುದೇ ಕೆಲಸವಾಗುತ್ತದೆ.

ಹಂತ 2: ಹೊರಡುವ ಮೊದಲು ಒಂದು ಫೋನ್ ಮಾಡಿ

ವಾರದ ದಿನ, ಬಾಗಿಲು ತೆರೆದ ಮೊದಲ ಎರಡು ಗಂಟೆ, ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಸರತಿ ಇರುವುದಿಲ್ಲ, ಯಂತ್ರಗಳು ಒರೆಸಿ ಸ್ವಚ್ಛವಾಗಿರುತ್ತವೆ, ಸಿಬ್ಬಂದಿಗೆ ನಿಮ್ಮ ಮಾತು ಕೇಳುವಷ್ಟು ಪುರುಸೊತ್ತಿರುತ್ತದೆ. ಹುಟ್ಟುಹಬ್ಬದ ಪಾರ್ಟಿಗೆ ಅರ್ಧ ಜಾಗ ಬುಕ್ ಆಗಿದೆಯೇ ಎಂದು ಕೇಳಿ. ಎತ್ತರದ ಮಿತಿ, ವಯಸ್ಸಿನ ಮಿತಿ, ಸಾಕ್ಸ್ ಕಡ್ಡಾಯವೇ, ಆಡದೆ ಜೊತೆಗೆ ಬರುವ ಹಿರಿಯರಿಗೂ ಪ್ರವೇಶ ಶುಲ್ಕ ಇದೆಯೇ ಎನ್ನುವುದನ್ನೂ ಅದೇ ಕರೆಯಲ್ಲಿ ಕೇಳಿಬಿಡಿ. ಮಗುವನ್ನು ದೂರದಿಂದ ಕರೆತಂದು, ಬಯಸಿದ ಆಟದ ಮುಂದಿನ ಎತ್ತರದ ಗೆರೆಗೆ ತಲೆ ಮುಟ್ಟದೆ ವಾಪಸ್ ಕಳಿಸುವುದು ಬಹಳ ಬೇಸರದ ಕೆಲಸ.

ಎಲ್ಲರೂ ಬೆರಳು ಮುಚ್ಚುವ ಶೂ ಹಾಕಿಕೊಳ್ಳಲಿ. ಪೆಡಲ್ ಒತ್ತುವ, ಕುಣಿಯುವ ಆಟಗಳಿಗೆ ಚಪ್ಪಲಿ ಆಗಿಬರುವುದಿಲ್ಲ. ಉದ್ದ ದುಪಟ್ಟಾ, ಜೋಲುವ ಬ್ಯಾಗ್ ಬೇಡ. ತೆಳುವಾದ ಒಂದು ಸ್ವೆಟರ್ ಇರಲಿ, ಯಂತ್ರಗಳು ಬಿಸಿಯಾಗದಿರಲೆಂದು ಇಂಥ ಜಾಗಗಳಲ್ಲಿ ಏಸಿ ಜೋರಾಗಿರುತ್ತದೆ. ಊಟವಾದ ಕೂಡಲೇ ಹೋಗಬೇಡಿ. ಅಲುಗಾಡುವ ಸೀಟಿನ ಆಟಗಳೂ ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕದ ಆಟಗಳೂ ತುಂಬಿದ ಹೊಟ್ಟೆಯನ್ನು ಕೆಡಿಸುತ್ತವೆ.

ಆರೋಗ್ಯದ ಎರಡು ವಿಷಯ ಇಲ್ಲಿ ಹೇಳಲೇಬೇಕು. ಮನೆಯಲ್ಲಿ ಯಾರಿಗಾದರೂ ಮೂರ್ಛೆರೋಗ ಇದ್ದರೆ ವೈದ್ಯರನ್ನು ಕೇಳದೆ ಹೋಗಬೇಡಿ. ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ಬರಿಸಬಲ್ಲದು, ಆರ್ಕೇಡ್‌ನಲ್ಲಿ ಅಂಥ ಬೆಳಕು ಯಾವ ಮೂಲೆಯಿಂದಲೂ ಬರಬಹುದು. ಎರಡನೆಯದು ಕಿವಿ. ಕೆಲಸದ ಜಾಗಗಳಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಸದ್ದು 3 ಡೆಸಿಬೆಲ್ ಹೆಚ್ಚಿದಂತೆಲ್ಲ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 94 ಡೆಸಿಬೆಲ್‌ನಲ್ಲಿ ಒಂದೇ ಗಂಟೆ. ಮಗುವಿನ ಕಿವಿ ಇದಕ್ಕಿಂತ ಹೆಚ್ಚು ತಡೆಯುತ್ತದೆ ಎಂದುಕೊಳ್ಳಲು ಯಾವ ಕಾರಣವೂ ಇಲ್ಲ. ಪುಟ್ಟ ಮಕ್ಕಳಿಗೆ ಕಿವಿ ಮುಚ್ಚುವ ಇಯರ್‌ಮಫ್ ಒಯ್ಯಿರಿ, ಗಂಟೆಗೊಮ್ಮೆ ಹತ್ತು ನಿಮಿಷ ಹೊರಗೆ ಕರೆತನ್ನಿ.

ಹಂತ 3: ಕೈಯಲ್ಲಿ ಕಾರ್ಡ್ ಇಲ್ಲದೆ ಒಂದು ಸುತ್ತು ಹಾಕಿ

ಮಕ್ಕಳಿಗೆ ಇದು ಕಷ್ಟ, ಆದರೂ ಇದನ್ನು ಬಿಡಬೇಡಿ. ಒಳಗೆ ಹೋದ ಮೊದಲ ಕಾಲು ಗಂಟೆ ಬರೀ ನೋಡುವುದಕ್ಕೆ. ಪ್ರತಿಯೊಬ್ಬರೂ ತಮಗೆ ಬೇಕಾದ ಮೂರು ಆಟ ಆರಿಸಿಕೊಳ್ಳಲಿ. ಹೀಗೆ ಮಾಡಿದರೆ, ಬಾಗಿಲ ಬಳಿಯೇ ಇಟ್ಟಿರುವ ಥಳಕಿನ ಯಂತ್ರಕ್ಕೆ ಅರ್ಧ ಹಣ ಸುರಿದ ಮೇಲೆ ಹಿಂದಿನ ಕೋಣೆಯಲ್ಲಿ ಒಳ್ಳೆಯ ಆಟ ಇತ್ತೆಂದು ತಿಳಿದು ಮುಖ ಸಪ್ಪೆಯಾಗುವುದು ತಪ್ಪುತ್ತದೆ.

ಸುತ್ತುವಾಗ ನೋಡಿಕೊಳ್ಳಬೇಕಾದ್ದು: ಒಂದು ಆಟಕ್ಕೆ ಕಾರ್ಡ್‌ನಿಂದ ಎಷ್ಟು ಅಂಕ ಕಟ್ ಆಗುತ್ತದೆ, ಎಷ್ಟು ಜನ ಒಟ್ಟಿಗೆ ಆಡಬಹುದು, ಒಂದು ಆಟ ಸುಮಾರಾಗಿ ಎಷ್ಟು ಹೊತ್ತು ನಡೆಯುತ್ತದೆ. ಕೊನೆಯದನ್ನು ತಿಳಿಯಲು ಬೇರೆಯವರು ಆಡುವುದನ್ನು ಒಂದೆರಡು ನಿಮಿಷ ನಿಂತು ನೋಡಿದರೆ ಸಾಕು. ಹದಿನೈದು ಸೆಕೆಂಡಿನಲ್ಲಿ ಮುಗಿಯುವ ಆಟಕ್ಕೂ ನಾಲ್ಕು ನಿಮಿಷ ಓಡುವ ಆಟಕ್ಕೂ ದರ ಹೆಚ್ಚುಕಡಿಮೆ ಒಂದೇ ಇರುವುದನ್ನು ಕಂಡಾಗ ಆಯ್ಕೆ ತಾನಾಗಿ ಆಗುತ್ತದೆ. ಶೌಚಾಲಯ, ನೀರು, ತುರ್ತು ಬಾಗಿಲು ಎಲ್ಲಿವೆ ಎಂದೂ ಇದೇ ಸುತ್ತಿನಲ್ಲಿ ನೋಡಿಕೊಳ್ಳಿ. ತಪ್ಪಿಹೋದರೆ ಸೇರಬೇಕಾದ ಜಾಗವನ್ನು ಮಕ್ಕಳಿಗೆ ಬೆರಳು ಮಾಡಿ ತೋರಿಸಿ. ಬಹುಮಾನದ ಕೌಂಟರ್ ಅದಕ್ಕೆ ಚೆನ್ನ, ಅಲ್ಲಿ ಯಾವಾಗಲೂ ಸಿಬ್ಬಂದಿ ಇರುತ್ತಾರೆ. ಅಂದಿನ ಬಟ್ಟೆಯಲ್ಲಿ ಮಗುವಿನದೊಂದು ಫೋಟೊ ನಿಮ್ಮ ಫೋನಿನಲ್ಲಿರಲಿ.

ಹಂತ 4: ಕಾರ್ಡ್‌ಗೆ ಹಣ ಹಾಕುವಾಗ

ಕಾರ್ಡ್‌ನಲ್ಲಿ ಹಣ ಹಣವಾಗಿ ಕಾಣದೆ ಅಂಕಗಳಾಗಿ ಕಾಣುವುದೇ ಖರ್ಚು ಕೈಮೀರಲು ಮೊದಲ ಕಾರಣ. ಕೊಟ್ಟ ಹಣವನ್ನು ಸಿಕ್ಕ ಅಂಕಗಳಿಂದ ಭಾಗಿಸಿ, ಒಂದು ಅಂಕಕ್ಕೆ ಎಷ್ಟಾಯಿತೆಂದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಪ್ರತಿ ಯಂತ್ರದ ದರವೂ ನಿಜವಾದ ಹಣವಾಗಿಯೇ ಕಾಣುತ್ತದೆ.

ಹೆಚ್ಚು ಹಾಕಿದರೆ ಹೆಚ್ಚು ಬೋನಸ್ ಎಂಬ ಆಸೆ ಎಲ್ಲ ಕೌಂಟರ್‌ಗಳಲ್ಲೂ ಇರುತ್ತದೆ. ಊರಿನವರಿಗೆ ಅದು ಲಾಭವಿರಬಹುದು, ಉಳಿದದ್ದನ್ನು ಮುಂದಿನ ವಾರ ಆಡುತ್ತಾರೆ. ನೀವು ನಾಳೆಯೋ ನಾಳಿದ್ದೋ ಆ ಊರು ಬಿಡುವವರು, ಉಳಿದ ಬ್ಯಾಲೆನ್ಸ್ ನಿಮಗೆ ನಷ್ಟವೇ. ಆದ್ದರಿಂದ ಚಿಕ್ಕ ಮೊತ್ತದಿಂದ ಶುರುಮಾಡಿ. ಬೇಕೆನಿಸಿದರೆ ಇನ್ನೊಮ್ಮೆ ಹಾಕಿಸಿದರಾಯಿತು. ಬೋನಸ್ ಅಂಕ ಎಲ್ಲ ಯಂತ್ರಗಳಿಗೂ ನಡೆಯುತ್ತದೆಯೇ, ಕಾರ್ಡ್‌ನ ಅವಧಿ ಎಷ್ಟು, ಅದೇ ಕಂಪನಿಯ ಬೇರೆ ಊರಿನ ಶಾಖೆಯಲ್ಲಿ ಬಳಸಬಹುದೇ ಎಂದು ಕೇಳಿ. ಗಂಟೆಯ ಲೆಕ್ಕದ ಕಾರ್ಡ್ ಇದ್ದರೆ ವಿಡಿಯೊ ಆಟಗಳನ್ನೇ ಆಡುವ ಕುಟುಂಬಕ್ಕೆ ಅದು ಅಗ್ಗ. ಟಿಕೆಟ್ ಕೊಡುವ ಯಂತ್ರಗಳನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿರುತ್ತಾರೆ.

ಏಳೆಂಟು ವರ್ಷ ದಾಟಿದ ಮಕ್ಕಳಿಗೆ ಬೇರೆ ಬೇರೆ ಕಾರ್ಡ್ ಕೊಡಿಸಿ, ಮೊತ್ತ ಸಮನಾಗಿರಲಿ, ಮುಗಿದ ಮೇಲೆ ಮತ್ತೆ ಇಲ್ಲ ಎಂದು ಮೊದಲೇ ಹೇಳಿ. ಅಕ್ಕ ಎಷ್ಟು ಆಡಿದಳು, ತಮ್ಮ ಎಷ್ಟು ಆಡಿದ ಎಂಬ ಜಗಳ ಅಲ್ಲಿಗೆ ನಿಲ್ಲುತ್ತದೆ. ಕಾರ್ಡ್ ಹಿಂದಿನ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಕಳೆದುಹೋದರೆ ಅದರ ಆಧಾರದ ಮೇಲೆ ಬ್ಯಾಲೆನ್ಸನ್ನು ಹೊಸ ಕಾರ್ಡ್‌ಗೆ ಹಾಕಿಕೊಡುವುದು ಹಲವು ಕಡೆ ಸಾಧ್ಯ.

ಯಂತ್ರಕ್ಕೆ ಕಾರ್ಡ್ ತೋರಿಸುವಾಗ ಒಮ್ಮೆ ತೋರಿಸಿ ಕಾಯಿರಿ. ದೀಪ ಬದಲಾಗಲು ಒಂದೆರಡು ಸೆಕೆಂಡ್ ಹಿಡಿಯುತ್ತದೆ, ಅವಸರಪಟ್ಟು ಮತ್ತೆ ಉಜ್ಜಿದರೆ ಎರಡು ಆಟದ ಹಣ ಹೋಗುತ್ತದೆ. ಹಣ ಕಟ್ ಆಗಿ ಆಟ ಶುರುವಾಗದಿದ್ದರೆ ಮೊದಲು ಸ್ಟಾರ್ಟ್ ಬಟನ್ ಒತ್ತಿ ನೋಡಿ. ಆಗಲೂ ಆಗದಿದ್ದರೆ ಒಬ್ಬರು ಯಂತ್ರದ ಬಳಿಯೇ ನಿಂತು ಇನ್ನೊಬ್ಬರು ಸಿಬ್ಬಂದಿಯನ್ನು ಕರೆತನ್ನಿ. ಆರ್ಕೇಡ್‌ನ ಮೊದಲ ದೊಡ್ಡ ಯಶಸ್ಸಾದ ಪಾಂಗ್ ಆಟವನ್ನು 1972ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬಾರ್‌ನಲ್ಲಿ ಪರೀಕ್ಷೆಗೆ ಇಟ್ಟಾಗ ಅದು ಕೆಟ್ಟು ನಿಂತಿತಂತೆ, ತೆರೆದು ನೋಡಿದರೆ ನಾಣ್ಯಗಳು ತುಂಬಿ ಉಕ್ಕಿದ್ದವು. ಅಂದಿನಿಂದ ಇಂದಿನವರೆಗೆ ಯಂತ್ರಗಳು ಕೈಕೊಡುವುದು ಇದ್ದದ್ದೇ. ಸಿಬ್ಬಂದಿಯೂ ಇದನ್ನು ದಿನವೂ ಕಾಣುತ್ತಾರೆ, ಕೇಳಲು ಸಂಕೋಚ ಬೇಡ.

ಹಂತ 5: ಸೇರಿ ಆಡುವ ಆಟದಿಂದ ಶುರುಮಾಡಿ

ಮೊದಲ ಆಟ ಏರ್ ಹಾಕಿ ಆಗಲಿ, ಅಂದರೆ ನುಣುಪಾದ ಮೇಜಿನ ಮೇಲೆ ಪಕ್ ಎಂಬ ಚಪ್ಪಟೆ ಬಿಲ್ಲೆಯನ್ನು ಕೈಹಿಡಿಯಿಂದ ಹೊಡೆದು ಎದುರಿನವರ ಗೋಲಿಗೆ ಹಾಕುವ ಆಟ. ನಿಯಮ ಹೇಳಿಕೊಡುವ ಅಗತ್ಯವೇ ಇಲ್ಲ, ಆರು ವರ್ಷದ ಮಗುವೂ ಅಜ್ಜಿಯೂ ಎದುರುಬದುರು ನಿಲ್ಲಬಹುದು. ಕೈಹಿಡಿಯನ್ನು ಗೋಲಿಗೆ ಅಂಟಿಸಿಕೊಂಡು ನಿಲ್ಲುವುದು ಹೊಸಬರ ಅಭ್ಯಾಸ. ಗೋಲಿನಿಂದ ಒಂದು ಗೇಣು ಮುಂದೆ ಇಟ್ಟರೆ ಓರೆಯಾಗಿ ಬರುವ ಹೊಡೆತವನ್ನೂ ತಡೆಯಬಹುದು. ಬೆರಳುಗಳನ್ನು ಮೇಜಿನ ಅಂಚಿನ ಮೇಲಿಡದಂತೆ ಮಕ್ಕಳಿಗೆ ಹೇಳಿ. ಹಾರಿಬರುವ ಪಕ್ ಬಲವಾಗಿ ತಗಲುತ್ತದೆ.

ಆಮೇಲೆ ಕಾರ್ ರೇಸ್. ಸೀಟುಗಳ ಸಾಲು ಒಂದಕ್ಕೊಂದು ಜೋಡಣೆಯಾಗಿರುತ್ತದೆ. 1990ರ ದಶಕದಲ್ಲಿ ಸೆಗಾ ಕಂಪನಿಯ ಡೇಟೋನಾ ಯುಎಸ್‌ಎ ಆಟ 8 ಸೀಟುಗಳವರೆಗೆ ಹೀಗೆ ಜೋಡಿಸಿಕೊಟ್ಟಿತ್ತು. ಒಬ್ಬರಿಗೊಬ್ಬರು ಸ್ಪರ್ಧೆ ಕೊಡಬೇಕಾದರೆ ಎಲ್ಲರೂ ಮೊದಲು ಕೂತು ಸೀಟು ಸರಿಮಾಡಿಕೊಳ್ಳಿ, ಆಮೇಲೆ ಒಬ್ಬರ ಹಿಂದೊಬ್ಬರು ಬೇಗಬೇಗ ಕಾರ್ಡ್ ಉಜ್ಜಿ. ಮೊದಲನೆಯವರು ಉಜ್ಜಿದ ಕೂಡಲೇ ಪರದೆಯ ಮೇಲೆ ಎಣಿಕೆ ಇಳಿಯತೊಡಗುತ್ತದೆ. ಅದು ಸೊನ್ನೆಗೆ ಬರುವಷ್ಟರಲ್ಲಿ ಸೇರದವರು ಒಂಟಿಯಾಗಿ ಓಡಬೇಕಾಗುತ್ತದೆ. ಸೀಟಿನ ಕೆಳಗೋ ಪಕ್ಕದಲ್ಲೋ ಸರಿಸುವ ಹಿಡಿ ಇರುತ್ತದೆ. ಗೇರ್ ಆಟೊಮ್ಯಾಟಿಕ್ ಇರಲಿ. ಪೆಡಲ್‌ಗೆ ಕಾಲು ಎಟುಕದ ಮಗುವಿಗೆ ಸ್ಟೀರಿಂಗ್ ಕೊಟ್ಟು, ನೀವು ಪಕ್ಕ ನಿಂತು ಕಾಲಿನಿಂದ ಆಕ್ಸಿಲರೇಟರ್ ಒತ್ತಿ. ಇಬ್ಬರು ಸೇರಿ ಒಂದು ಕಾರು ಓಡಿಸುವ ಖುಷಿ ಬೇರೆಯೇ.

ಬಂದೂಕಿನ ಆಟಗಳಲ್ಲಿ ಪರದೆಯ ಚಿತ್ರ ಮೊದಲು ನೋಡಿ. ರಕ್ತ, ಭೂತ ಪ್ರೇತಗಳ ಆಟಗಳ ಮೇಲೆ ಕೆಲವು ಕಡೆ ಎಚ್ಚರಿಕೆ ಚೀಟಿ ಅಂಟಿಸಿರುತ್ತಾರೆ. 1995ರ ಟೈಮ್ ಕ್ರೈಸಿಸ್‌ನಂಥ ಆಟಗಳಲ್ಲಿ ಕಾಲಿನ ಪೆಡಲ್ ಒತ್ತಿದರೆ ಮರೆಯಿಂದ ಹೊರಗೆ, ಬಿಟ್ಟರೆ ಒಳಗೆ, ಒಳಗಿದ್ದಾಗ ಗುಂಡು ತುಂಬಿಕೊಳ್ಳುತ್ತದೆ. ಇದನ್ನು ತಿಳಿಯದವರು ಪೆಡಲ್ ಒತ್ತಿಯೇ ನಿಂತು ಬೇಗ ಸೋಲುತ್ತಾರೆ.

ಕುಣಿಯುವ ಆಟವನ್ನು ಹದಿಹರೆಯದವರಿಗೆ ಬಿಡಿ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕೊನಾಮಿಯ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ 1998ರಲ್ಲಿ ಬಂದಾಗಿನಿಂದ ನಿಯಮ ಸರಳವೇ: ಪರದೆಯಲ್ಲಿ ಬಾಣ ಮೇಲೇರಿ ಮೇಲಿನ ಬಾಣದ ಗುರುತಿಗೆ ಕೂಡುವ ಕ್ಷಣಕ್ಕೆ ನೆಲದ ಮೇಲಿನ ಅದೇ ಬಾಣಕ್ಕೆ ಕಾಲಿಡಬೇಕು. ನೆಲವನ್ನು ಗುದ್ದಬೇಡಿ, ಪಾದದ ಮುಂಭಾಗದಿಂದ ಮೆಲ್ಲಗೆ ಮುಟ್ಟಿ. ಪ್ರತಿ ಹೆಜ್ಜೆಗೂ ನಡುವಿಗೆ ವಾಪಸಾಗುವ ಅಗತ್ಯವಿಲ್ಲ. ಹಿಂದಿನ ಕಂಬಿ ಹಿಡಿದುಕೊಂಡರೆ ಬೀಳುವ ಭಯ ಇಲ್ಲ. ಅತಿ ಸುಲಭದ ಹಾಡಿನಿಂದ ಶುರುಮಾಡಿದರೆ ಅಮ್ಮಂದಿರೇ ಮಕ್ಕಳನ್ನು ಸೋಲಿಸುತ್ತಾರೆ.

ಹಂತ 6: ಹಳೆಯ ಯಂತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ

ಮೂಲೆಯಲ್ಲಿ ನಿಂತ ಹಳೆಯ ಆಟಗಳನ್ನು ಮಕ್ಕಳು ನೋಡದೆ ದಾಟಿಹೋಗುತ್ತಾರೆ. ಅಪ್ಪ ಅಮ್ಮ ಮಕ್ಕಳಿಗೆ ಏನಾದರೂ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ಆರ್ಕೇಡ್‌ನಲ್ಲಿಲ್ಲ, ದರವೂ ಹೆಚ್ಚಾಗಿ ಕಡಿಮೆ.

ಪ್ಯಾಕ್‌ಮ್ಯಾನ್ ಇದ್ದರೆ ಬಿಡಬೇಡಿ. ಜಪಾನಿನ ನಾಮ್ಕೊ ಕಂಪನಿಯಲ್ಲಿ ತೋರು ಇವತಾನಿ 1980ರಲ್ಲಿ ರೂಪಿಸಿದ ಆಟ ಇದು. ಆಗ ಆರ್ಕೇಡ್‌ಗಳಲ್ಲಿ ತುಂಬಿದ್ದು ಯುದ್ಧದ ಆಟಗಳು, ಆಡುತ್ತಿದ್ದವರು ಹುಡುಗರು. ಹೆಣ್ಣುಮಕ್ಕಳೂ ಬಂದು ಆಡುವಂಥ ಆಟ ಬೇಕೆಂದೇ ಅವರು ತಿನ್ನುವ ಆಟವನ್ನು ಯೋಚಿಸಿದರು. ಒಂದು ಅಂಕಣದಲ್ಲಿ 240 ಚಿಕ್ಕ ಚುಕ್ಕೆ, 4 ದೊಡ್ಡ ಚುಕ್ಕೆ. ಬೆನ್ನಟ್ಟುವ ಭೂತಗಳಿಗೆ ಸಿಕ್ಕದೆ ಪ್ಯಾಕ್‌ಮ್ಯಾನ್‌ನಿಂದ ಅವನ್ನೆಲ್ಲ ತಿನ್ನಿಸಿದರೆ ಮುಂದಿನ ಹಂತ.

ನಾಲ್ಕು ಭೂತಗಳೂ ಒಂದೇ ಥರ ಬೆನ್ನಟ್ಟುವುದಿಲ್ಲ ಎಂದು ಮಗುವಿಗೆ ಹೇಳಿ ನೋಡಿ, ಕಣ್ಣರಳುತ್ತದೆ. ಕೆಂಪು ಭೂತ ನೇರವಾಗಿ ನಿಮ್ಮನ್ನೇ ಹಿಂಬಾಲಿಸುತ್ತದೆ. ಗುಲಾಬಿ ಭೂತ ನೀವು ಹೋಗುತ್ತಿರುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ಅಡ್ಡಗಟ್ಟುತ್ತದೆ. ನೀಲಿ ಭೂತ ಕೆಂಪು ಭೂತ ಎಲ್ಲಿದೆ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಅದರ ನಡೆ ಊಹಿಸುವುದು ಕಷ್ಟ. ಕಿತ್ತಳೆ ಭೂತ ದೂರದಲ್ಲಿದ್ದರೆ ಅಟ್ಟಿಸಿಕೊಂಡು ಬರುತ್ತದೆ, ಎಂಟು ಮನೆಗಿಂತ ಹತ್ತಿರವಾದರೆ ತನ್ನ ಮೂಲೆಯತ್ತ ತಿರುಗಿಬಿಡುತ್ತದೆ. ಪಕ್ಕದ ಸುರಂಗದೊಳಗೆ ಭೂತಗಳ ವೇಗ ತಗ್ಗುತ್ತದೆ, ನಿಮ್ಮದು ತಗ್ಗುವುದಿಲ್ಲ. ತಪ್ಪಿಸಿಕೊಳ್ಳುವ ದಾರಿ ಅದೇ. ಇನ್ನೊಂದು ಗುಟ್ಟು ಕೈಯದು: ತಿರುವು ಬರುವುದಕ್ಕೆ ಸ್ವಲ್ಪ ಮೊದಲೇ ದಿಕ್ಕು ಬದಲಿಸುವ ಹಿಡಿಯನ್ನು, ಅಂದರೆ ಜಾಯ್‌ಸ್ಟಿಕ್ಕನ್ನು, ಆ ಕಡೆ ಒತ್ತಿ ಹಿಡಿಯಿರಿ. ಪ್ಯಾಕ್‌ಮ್ಯಾನ್ ಮೂಲೆಯನ್ನು ಓರೆಯಾಗಿ ಕತ್ತರಿಸಿಕೊಂಡು ತಿರುಗುತ್ತಾನೆ, ಭೂತಗಳು ಹಾಗೆ ತಿರುಗಲಾರವು, ಪ್ರತಿ ತಿರುವಿನಲ್ಲೂ ಒಂದಿಷ್ಟು ಅಂತರ ಸಿಗುತ್ತದೆ. ದೊಡ್ಡ ಚುಕ್ಕೆ ತಿಂದರೆ ಸ್ವಲ್ಪ ಹೊತ್ತು ಭೂತಗಳನ್ನೇ ತಿನ್ನಬಹುದು. ಅದನ್ನು ಸಿಕ್ಕ ಕೂಡಲೇ ತಿನ್ನದೆ ಭೂತಗಳು ಹತ್ತಿರ ಗುಂಪಾಗುವವರೆಗೆ ಕಾದರೆ ಒಂದರ ಹಿಂದೊಂದು 200, 400, 800, 1600 ಅಂಕ. ಭೂತಗಳು ಬೆಳ್ಳಗೆ ಮಿನುಗತೊಡಗಿದರೆ ಸಮಯ ಮುಗಿಯಿತೆಂದೇ ಅರ್ಥ, ದೂರ ಸರಿಯಿರಿ.

ಹಲವು ಆಟಗಳನ್ನು ಒಂದೇ ಡಬ್ಬದಲ್ಲಿ ತುಂಬಿದ ಯಂತ್ರದಲ್ಲಿ ಪ್ಯಾಕ್‌ಮ್ಯಾನ್ ಆಡಿದರೆ ಮಗು ತಪ್ಪು ದಾರಿ ಹಿಡಿಯುತ್ತಲೇ ಇರುತ್ತದೆ. ಅದು ಕೈಯ ದೋಷವಲ್ಲ. ಆ ಆಟಕ್ಕೆ ಬೇಕಾದ್ದು ನಾಲ್ಕೇ ದಿಕ್ಕಿಗೆ ವಾಲುವ ಜಾಯ್‌ಸ್ಟಿಕ್, ಅಂಥ ಯಂತ್ರಗಳಲ್ಲಿ ಎಂಟು ದಿಕ್ಕಿನದು ಇರುವುದೇ ಹೆಚ್ಚು. ಮೂಲ ಯಂತ್ರ ಇದ್ದರೆ ಅದನ್ನೇ ಹುಡುಕಿ.

ಸ್ಪೇಸ್ ಇನ್ವೇಡರ್ಸ್ ಕಂಡರೆ ಹಿರಿಯ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ಶತ್ರುಗಳು ಕಡಿಮೆಯಾದಂತೆ ಉಳಿದವರು ವೇಗವಾಗುವುದೇಕೆ? 1978ರಲ್ಲಿ ತೊಮೊಹಿರೊ ನಿಶಿಕಾದೊ ಮಾಡಿದ ಯಂತ್ರದ ಪ್ರೊಸೆಸರ್‌ಗೆ ಅಷ್ಟೊಂದು ಚಿತ್ರಗಳನ್ನು ಒಟ್ಟಿಗೆ ಸರಿಸುವುದು ಭಾರವಾಗಿತ್ತು. ಶತ್ರುಗಳು ಸತ್ತಂತೆ ಭಾರ ಇಳಿದು ಉಳಿದವರು ತಾವಾಗಿ ಚುರುಕಾದರು, ಆಟ ಇನ್ನಷ್ಟು ರೋಚಕವಾಯಿತೆಂದು ಅವರು ಅದನ್ನು ಹಾಗೇ ಬಿಟ್ಟರು. ಕಂಪ್ಯೂಟರ್ ಕಲಿಯುವ ಮಕ್ಕಳು ಈ ಮಾತನ್ನು ಮರೆಯುವುದಿಲ್ಲ.

ಈ ಯಂತ್ರಗಳ ಮುಂದೆ ಫೋಟೊ ತೆಗೆಯುವವರಿಗೆ ಒಂದು ಸಲಹೆ. ಹಳೆಯ ಗಾಜಿನ ಪರದೆ ಫೋಟೊದಲ್ಲಿ ಕಪ್ಪು ಪಟ್ಟಿಯಾಗಿ ಬರುತ್ತದೆ. ಫೋನಿನ ಕ್ಯಾಮೆರಾದಲ್ಲಿ ಶಟರ್ ವೇಗವನ್ನು 1/60 ಅಥವಾ 1/30ಕ್ಕೆ ಇಟ್ಟರೆ ಪರದೆ ಪೂರ್ತಿಯಾಗಿ ಬರುತ್ತದೆ. ಫ್ಲ್ಯಾಶ್ ಬೇಡ.

ಹಂತ 7: ಟಿಕೆಟ್ ಮತ್ತು ಗೊಂಬೆ ಎತ್ತುವ ಯಂತ್ರ

ಗಾಜಿನ ಪೆಟ್ಟಿಗೆಯೊಳಗಿನ ಗೊಂಬೆಯನ್ನು ಉಕ್ಕಿನ ಕೈಯಿಂದ ಎತ್ತುವ ಯಂತ್ರದ ಬಗ್ಗೆ ಮಕ್ಕಳಿಗೆ ನಿಜ ಹೇಳಿಬಿಡಿ. ಇಂಥ ಅನೇಕ ಯಂತ್ರಗಳಲ್ಲಿ ಆ ಕೈ ಎಷ್ಟು ಬಿಗಿಯಾಗಿ ಹಿಡಿಯಬೇಕು, ಎಷ್ಟು ಆಟಕ್ಕೊಮ್ಮೆ ಪೂರ್ತಿ ಬಲ ಹಾಕಬೇಕು ಎನ್ನುವುದನ್ನು ಮಾಲೀಕರೇ ನಿಗದಿಪಡಿಸಬಹುದು. ಗೊಂಬೆ ಅರ್ಧ ಎತ್ತರಕ್ಕೆ ಬಂದು ಜಾರಿದರೆ ಮಗು ಗುರಿ ತಪ್ಪಿತೆಂದು ಬೇಸರಪಡಬೇಕಿಲ್ಲ. ಆಡಲೇಬೇಕೆಂದಿದ್ದರೆ ಗೊಂಬೆ ಹೊರಬೀಳುವ ಕಂಡಿಯ ಹತ್ತಿರ, ಗುಡ್ಡೆಯ ಮೇಲೆ ಬಿಡಿಯಾಗಿ ಬಿದ್ದಿರುವ ಗೊಂಬೆಯನ್ನು ಆರಿಸಿ. ಒಬ್ಬರು ಎದುರಿನಿಂದ ನೋಡಿದರೆ ಇನ್ನೊಬ್ಬರು ಪಕ್ಕದ ಗಾಜಿನಿಂದ ನೋಡಿ ಹಿಂದೆ ಮುಂದೆ ಎಂದು ಹೇಳಲಿ. ಬಿಗಿಯಾಗಿ ಒತ್ತೊತ್ತಾಗಿ ಜೋಡಿಸಿದ ಪೆಟ್ಟಿಗೆಯ ತಂಟೆಗೇ ಹೋಗಬೇಡಿ. ಎರಡು ಆಟದ ಮಿತಿ ಹಾಕಿಕೊಂಡು ನಡೆಯಿರಿ.

ನಾಣ್ಯ ತಳ್ಳುವ ಯಂತ್ರದಲ್ಲಿ ಅಂಚಿಗೆ ಜೋತುಬಿದ್ದ ನಾಣ್ಯಗಳ ರಾಶಿ ಇನ್ನೇನು ಬಿತ್ತು ಎನಿಸುತ್ತದೆ. ಅದರಲ್ಲಿ ಒಂದಷ್ಟು ಪಕ್ಕದ ಸಂದಿಗಳಿಂದ ಯಂತ್ರದೊಳಕ್ಕೇ ಬೀಳುತ್ತದೆ.

ಟಿಕೆಟ್ ಆಟಗಳಲ್ಲಿ ನನಗೆ ಒಪ್ಪಿಗೆಯಾದದ್ದು ಸ್ಕೀಬಾಲ್. 1908ರಲ್ಲೇ ಪೇಟೆಂಟ್ ಪಡೆದ ಆಟ ಅದು, ಚೆಂಡು ಉರುಳಿಸಿ ಉಂಗುರಕ್ಕೆ ಹಾಕುವುದು. ಅದೃಷ್ಟಕ್ಕಿಂತ ಕೈಯ ಹದ ಮುಖ್ಯ, ಆಡಿದಷ್ಟೂ ಉತ್ತಮವಾಗುತ್ತೀರಿ. ಎಸೆಯಬೇಡಿ, ಕೆಳಗೆ ಬಾಗಿ ನೆಲಕ್ಕೆ ತಾಗುವಂತೆ ಉರುಳಿಸಿ. ತುದಿಯ ಸಣ್ಣ ಉಂಗುರದ ಆಸೆ ಬಿಟ್ಟು ನಡುವಿನ 40ಕ್ಕೆ ಗುರಿಯಿಟ್ಟರೆ ಒಟ್ಟು ಅಂಕ ಹೆಚ್ಚು ಬರುತ್ತದೆ.

ಬಹುಮಾನದ ಕೌಂಟರ್‌ಗೆ ಆಟದ ನಡುವೆಯೇ ಒಮ್ಮೆ ಮಕ್ಕಳನ್ನು ಕರೆದೊಯ್ದು, ನಮ್ಮ ಟಿಕೆಟ್‌ಗೆ ಏನೇನು ಸಿಗಬಹುದು ಎಂದು ತೋರಿಸಿ. ಕೊನೆಯಲ್ಲಿ ಮೊದಲ ಬಾರಿಗೆ ನೋಡಿದರೆ ನಿರಾಸೆ ಖಂಡಿತ. ನಿಮ್ಮ ಸೂಟ್‌ಕೇಸನ್ನೂ ನೆನಪಿಡಿ, ಮೊಣಕಾಲೆತ್ತರದ ಗೊಂಬೆಯನ್ನು ವಿಮಾನದಲ್ಲಿ ಹೊತ್ತೊಯ್ಯುವವರು ನೀವೇ. ಅಕ್ಕ ತಮ್ಮಂದಿರ ಟಿಕೆಟ್ ಕೂಡಿಸಿ ಇಬ್ಬರೂ ಆಡಬಹುದಾದ ಒಂದು ವಸ್ತು ತೆಗೆದುಕೊಳ್ಳುವುದು, ಕೈಗೊಂದು ಪ್ಲಾಸ್ಟಿಕ್ ಉಂಗುರಕ್ಕಿಂತ ಎಷ್ಟೋ ಮೇಲು.

ಹಂತ 8: ಹೊರಡುವ ಹೊತ್ತು

ಎರಡು ಗಂಟೆ ಬಹುತೇಕ ಕುಟುಂಬಗಳಿಗೆ ಸಾಕು. ಪುಟ್ಟ ಮಕ್ಕಳಿದ್ದರೆ ಒಂದೂವರೆ. ಕಣ್ಣುಜ್ಜುವುದು, ಕಿವಿ ಮುಚ್ಚಿಕೊಳ್ಳುವುದು, ಸಣ್ಣ ಸೋಲಿಗೂ ಅಳುವುದು ಶುರುವಾದರೆ ಕಾರ್ಡ್‌ನಲ್ಲಿ ಎಷ್ಟಿದ್ದರೂ ಹೊರಡಿ. ಮುಗಿಯುವ ಇಪ್ಪತ್ತು ನಿಮಿಷ ಮೊದಲೇ "ಇನ್ನು ತಲಾ ಎರಡೇ ಆಟ" ಎಂದು ಹೇಳಿದರೆ ಹಟ ಕಡಿಮೆ. ಕೊನೆಯ ಆಟವನ್ನು ಎಲ್ಲರೂ ಸೇರಿ ಆಡುವಂತೆ ಉಳಿಸಿಕೊಳ್ಳಿ, ಗೊಂಬೆ ಯಂತ್ರದ ಮುಂದೆ ಮಾತ್ರ ಮುಗಿಸಬೇಡಿ.

ಹೊರಡುವ ಮೊದಲು ಎಲ್ಲ ಕಾರ್ಡ್‌ಗಳ ಬ್ಯಾಲೆನ್ಸ್ ನೋಡಿಸಿ. ಚಿಲ್ಲರೆ ಉಳಿದಿದ್ದರೆ ಒಂದೇ ಕಾರ್ಡ್‌ಗೆ ಕೂಡಿಸಿಕೊಡಲು ಕೌಂಟರ್‌ನಲ್ಲಿ ಕೇಳಿ, ಒಂದು ಏರ್ ಹಾಕಿಗಾದರೂ ಆದೀತು. ಅದಕ್ಕೂ ಸಾಲದಿದ್ದರೆ ಬಾಗಿಲಲ್ಲಿ ಒಳಬರುತ್ತಿರುವ ಇನ್ನೊಂದು ಮನೆಯ ಮಕ್ಕಳ ಕೈಗೆ ಆ ಕಾರ್ಡ್ ಕೊಟ್ಟುಬಿಡಿ. ಆ ಜಾಯ್‌ಸ್ಟಿಕ್‌ಗಳನ್ನು ಅಂದು ಎಷ್ಟು ಕೈ ಮುಟ್ಟಿವೆಯೋ, ಊಟಕ್ಕೆ ಕೂರುವ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆದುಕೊಳ್ಳಲಿ.